ಚಲೋ ಆಗೇತಿ ಅನ್ನುವ ಮುನ್ನ

ನಮ್ಮ ಸಂಘದ ಕೋಣೆಯ ಗೋಡೆಗೂಡಿನಲ್ಲಿ ಒಂದು ಹಿತ್ತಾಳೆಯ ತಟ್ಟೆ ಇದೆ. ಅಂಗೈಗಿಂತ ತುಸು ದೊಡ್ಡದು. ಎಂದೋ ಯಾರ ಕೈಯಿಂದಲೋ ಜಾರಿ ಬಿದ್ದು ಒಂದು ಕಡೆ ಅಂಚು ತಗ್ಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ದಿನ ಮಾತ್ರ ಬಂಗಾರದ ಗತ್ತಿನಲ್ಲಿ ಬೀಗಿ, ಮರುದಿನದಿಂದಲೇ ಮಂಕಾಗಿ ತನ್ನ ಮೂಲೆ ಹಿಡಿದು ಕೂತುಬಿಡುತ್ತದೆ. ಅದಕ್ಕಿರುವುದು ಒಂದೇ ಕೆಲಸ. ಕಡಾಯಿಯಿಂದ ಇಳಿದ ಕರದಂಟನ್ನು ಹಲಗೆಯ ಮೇಲೆ ಹರಡಿ, ತಟ್ಟಿ ಸಮ ಮಾಡಿ, ಆರಿದ ಮೇಲೆ ಚಾಕು ಹಾಕಿದಾಗ ಬರುವ ಮೊದಲ ತುಂಡು ಈ ತಟ್ಟೆಗೇ ಬೀಳಬೇಕು. ಆ ತಟ್ಟೆ ನಮ್ಮ ಅಧ್ಯಕ್ಷೆಯ ಮುಂದೆ ಹೋಗಬೇಕು, ಅವಳು ಅದನ್ನು ಮುರಿದು ತಾನೊಂದು ಚೂರು ಬಾಯಿಗೆ ಹಾಕಿಕೊಂಡು ಉಳಿದ ಮೂವರಿಗೆ ಹಂಚಬೇಕು, ನಾವು ಮೂವರೂ ಅದನ್ನು ಅಗಿದು "ಚಲೋ ಆಗೇತಿ" ಎನ್ನಬೇಕು. ಅನ್ನಬೇಕು ಎಂದು ಯಾವ ನಿಯಮವೂ ಇರಲಿಲ್ಲ. ಆದರೂ ಅನ್ನುತ್ತಲೇ ಬಂದಿದ್ದೆವು.

ನೀವು ಎಂದಾದರೂ ಅಮೀನಗಡದ ಮೇಲೆ ಹಾಯ್ದು ಹೋಗಿದ್ದರೆ, ಬಸ್ಸು ನಿಂತ ಕೂಡಲೇ ಕಿಟಕಿಯೊಳಗೆ ನುಗ್ಗಿ ಬಂದ ಬೆಲ್ಲ ತುಪ್ಪಗಳ ಪರಿಮಳ ನೆನಪಿದ್ದೀತು. ಗಿಡದ ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಗಸಗಸೆಗಳನ್ನೆಲ್ಲ ಕೂಡಿಸಿ, ಬೆಲ್ಲದ ಪಾಕದಲ್ಲಿ ಒಂದಾಗಿಸುವ ಈ ಸಿಹಿಯ ಮರ್ಮವೆಲ್ಲ ಆ ಪಾಕದಲ್ಲಿದೆ. ನಮ್ಮ ಕಡೆ ಅದಕ್ಕೆ ಆಣ ಎನ್ನುತ್ತೇವೆ. ಆಣ ಎಳೆಯದಾದರೆ ಕರದಂಟು ಗಟ್ಟಿಯಾಗದೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ತುಸು ಮುಂದೆ ಹೋದರೆ ಕಹಿ, ಅಷ್ಟೇ ಅಲ್ಲ, ಹಲ್ಲಿಗೂ ಸವಾಲು. ನಡುವಿನ ಆ ಒಂದು ಗಳಿಗೆಯನ್ನು ಹಿಡಿಯಬಲ್ಲವರು ಊರಲ್ಲಿ ಹಲವರಿದ್ದಾರೆ, ಆದರೆ ಕಡಾಯಿಗೆ ಬೆನ್ನು ಹಾಕಿ ನಿಂತು, ಬಾಗಿಲಲ್ಲಿ ಬಂದವರ ಯೋಗಕ್ಷೇಮ ವಿಚಾರಿಸುತ್ತ, ಮಾತಿನ ನಡುವೆ ಮೂಗು ತುಸು ಮೇಲೆತ್ತಿ "ಇಳಸ್ರಿ" ಎಂದು ಹೇಳಬಲ್ಲವಳು ಒಬ್ಬಳೇ, ನಮ್ಮ ಶಾಂತಕ್ಕ.

ಶಾಂತಕ್ಕ ಶಿರೂರಿನ ಕಡೆಯವಳು, ಬೀರಪ್ಪನ ಒಕ್ಕಲಿನ ಕುರಿಗಾರರ ಮಗಳು, ಅಮೀನಗಡಕ್ಕೆ ಸೊಸೆಯಾಗಿ ಬಂದವಳು. ತನ್ನ ಹಿತ್ತಲಿನ ಒಲೆಯ ಮೇಲೆ ಒಂದು ಸಣ್ಣ ಬೋಗುಣಿಯಲ್ಲಿ ಶುರುಮಾಡಿದ ಕೆಲಸಕ್ಕೆ ಓಣಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದು ಕೂಡಿಸಿಕೊಂಡು, ಅದನ್ನು ಸಂಘ ಮಾಡಿ, ತಗಡಿನ ಮಾಡಿನ ಈ ಕೋಣೆಯವರೆಗೆ ತಂದವಳು. ಸಂಘವನ್ನು ನಡೆಸುವವರು ನಾವು ನಾಲ್ವರು. ಶಾಂತಕ್ಕ ಅಧ್ಯಕ್ಷೆ, ಕಡಾಯಿ ಅವಳದು. ಬೆಲ್ಲ ತರಿಸುವುದು, ಒಲೆಯ ಉರಿ ನೋಡಿಕೊಳ್ಳುವುದು ನಿಂಗವ್ವನ ಪಾಲು. ಕೊಬ್ಬರಿ, ಉತ್ತತ್ತಿ, ಯಾಲಕ್ಕಿ, ಜಾಜಿಕಾಯಿಗಳ ಯಜಮಾನಿಕೆ ಹುಸೇನಬಿಯದು. ಬಾಯಿ ಸ್ವಲ್ಪ ಜೋರಿರುವ ಕಾರಣಕ್ಕೆ ಮಾರಾಟ ನನಗೆ ಬಂತು. ಬಾದಾಮಿ, ಬಾಗಲಕೋಟೆ, ಹುನಗುಂದ, ಕೂಡಲಸಂಗಮದ ಅಂಗಡಿಗಳಿಗೆ ಡಬ್ಬಿಗಳನ್ನು ಮುಟ್ಟಿಸಿ, ಅಂಗಡಿಕಾರರ ಮನಸ್ಸನ್ನೂ ಮುಟ್ಟಬೇಕು. ಕೊಯ್ಯುವವರು, ಕಟ್ಟುವವರು ಎಂದು ಇನ್ನೂ ಹತ್ತಾರು ಹೆಂಗಸರಿದ್ದಾರೆ, ಅವರ ಮುಂದೆ ನಾವು ನಾಲ್ವರೂ ದೊಡ್ಡ ಮನುಷ್ಯರು.

ಈ ದೊಡ್ಡ ಮನುಷ್ಯರಾಗುವ ಸಂಗತಿಯಲ್ಲಿ ಒಂದು ವಿಚಿತ್ರವಿದೆ, ನೀವೂ ನಿಮ್ಮ ನಿಮ್ಮ ಕಚೇರಿಯಲ್ಲೋ ಶಾಲೆಯಲ್ಲೋ ಗಮನಿಸಿರಬಹುದು. ತುಂಡು ಓರೆಯಾಗಿ ಕೊಯ್ದ ಹುಡುಗಿಗೆ ನಾವು ನಿಂತ ಕಾಲ ಮೇಲೆ ತಪ್ಪು ಹೇಳುತ್ತಿದ್ದೆವು, ಕಾಗದ ಸಡಿಲಾಗಿ ಸುತ್ತಿದವಳಿಗೆ ಬಿಚ್ಚಿ ಮತ್ತೆ ಸುತ್ತಲು ಹೇಳುತ್ತಿದ್ದೆವು. ಆದರೆ ಒಂದೇ ಚಾಪೆಯ ಮೇಲೆ ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂತ ನಾವು ನಾಲ್ವರು ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡುತ್ತಿರಲಿಲ್ಲ. ಅಧಿಕಾರದ ಏಣಿಯಲ್ಲಿ ಕೆಳಗಿನ ಮೆಟ್ಟಿಲಿಗೆ ಮಾತು ಸರಾಗವಾಗಿ ಇಳಿಯುತ್ತದೆ, ಪಕ್ಕಕ್ಕೆ ಹರಿಯುವಾಗ ಮಾತ್ರ ಗಂಟಲಲ್ಲಿ ನಿಂತುಬಿಡುತ್ತದೆ. ಪಕ್ಕದವರು ಮುನಿಸಿಕೊಂಡರೆ ನಾಳೆ ಮತ್ತೆ ಅವರ ಪಕ್ಕದಲ್ಲೇ ಕೂಡಬೇಕಲ್ಲ.

ಅದೂ ಅಲ್ಲದೆ, ತಿನ್ನುವ ಪದಾರ್ಥದ ವಿಷಯದಲ್ಲಿ ನಮ್ಮ ಸೀಮೆಯ ಜನ ಮಹಾ ಮರ್ಯಾದಸ್ಥರು. ಎದುರಿಗೆ ಬಡಿಸಿದವರಿದ್ದಾಗ ಅಡುಗೆ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳುವವರನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ನನ್ನ ಮನೆಯವರನ್ನೇ ನೋಡಿ: ಸಾರು ಸಪ್ಪೆಯಾದ ದಿನ "ಚಲೋ ಆಗೇತಿ, ಒಂದೀಟು ಉಪ್ಪಿನಕಾಯಿ ಹಾಕು" ಎನ್ನುತ್ತಾರೆ, ಖಾರ ಹೆಚ್ಚಾದ ದಿನ "ಚಲೋ ಆಗೇತಿ, ಮೊಸರು ಐತೇನು" ಎನ್ನುತ್ತಾರೆ, ನಿಜವಾಗಿ ಚೆನ್ನಾದ ದಿನ ಏನನ್ನೂ ಹೇಳದೆ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಾರೆ. ಮದುವೆಯಾದ ಹೊಸದರಲ್ಲಿ ಈ ಸಂಕೇತಭಾಷೆ ತಿಳಿಯದೆ, ಉಪ್ಪಿನಕಾಯಿಯೆಂದರೆ ಇವರಿಗೆ ಪ್ರಾಣವೆಂದು ತಿಳಿದು ವರ್ಷವರ್ಷವೂ ಭರಣಿಗಟ್ಟಲೆ ಹಾಕಿದ್ದೆ. ಗಂಡಹೆಂಡಿರ ನಡುವೆ ಹೇಗೋ ನಡೆದುಹೋಗುವ ಈ ಸಂಕೇತ, ಹತ್ತು ಜನರ ಅನ್ನ ನಿಂತಿರುವ ಕಡೆ ನಡೆಯುವುದಿಲ್ಲ ಎಂಬುದು ನಮಗೆ ಹೋದ ಚಳಿಗಾಲದಲ್ಲಿ ಗೊತ್ತಾಯಿತು.

ಆ ಚಳಿಗಾಲದಲ್ಲಿ ಶಾಂತಕ್ಕನಿಗೆ ಜ್ವರ ಬಂತು. ಹಾಸಿಗೆ ಹಿಡಿದು, ಗಂಜಿ ಕುಡಿದು, ಸೊರಗಿ, ಅಂತೂ ಎದ್ದು ಬಂದಳು. ಅವಳು ಬಂದ ದಿನ ನಮಗೆಲ್ಲ ಹಬ್ಬ. ಕಡಾಯಿಗೆ ಅರಿಶಿನ ಕುಂಕುಮ ಹಚ್ಚಿ, ಅವಳ ಕೈಯಿಂದಲೇ ಬೆಲ್ಲ ಹಾಕಿಸಿದೆವು. ಆ ದಿನದ ಮೊದಲ ತುಂಡು ಹಿತ್ತಾಳೆ ತಟ್ಟೆಯಲ್ಲಿ ಅವಳ ಮುಂದೆ ಹೋಯಿತು, ಅವಳು ಮುರಿದು ಹಂಚಿದಳು, ನಾನು ಬಾಯಿಗೆ ಹಾಕಿಕೊಂಡೆ. ಆಣ ಹೊತ್ತಿತ್ತು. ಮೊದಲು ಸಿಹಿ, ಅದರ ಬೆನ್ನಿಗೇ ನಾಲಿಗೆಯ ಬುಡದಲ್ಲಿ ಕಹಿ. ನಿಂಗವ್ವನ ಕಡೆ ನೋಡಿದೆ, ಅವಳು ಹುಸೇನಬಿಯ ಕಡೆ ನೋಡುತ್ತಿದ್ದಳು, ಹುಸೇನಬಿ ತಗಡಿನ ಮಾಡು ನೋಡುತ್ತಿದ್ದಳು. ಶಾಂತಕ್ಕ ನಮ್ಮ ಮೂವರನ್ನೂ ನೋಡುತ್ತಿದ್ದಳು. ಜಡ್ಡಿನಿಂದ ಈಗಷ್ಟೇ ಎದ್ದು ಬಂದವಳಿಗೆ ಏನು ಹೇಳುವುದು ಎಂದು ನಾವು ಮೂವರೂ ಒಂದೇ ಉಸಿರಿಗೆ "ಚಲೋ ಆಗೇತಿ" ಎಂದೆವು.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು. ಜ್ವರಕ್ಕೆ ಮುಂಚೆ ಶಾಂತಕ್ಕ ಆ ಮೊದಲ ಚೂರನ್ನು ತಿನ್ನುವಾಗ ಕಣ್ಣು ಮುಚ್ಚುತ್ತಿದ್ದಳು, ದೇವರ ಮುಂದೆ ನಿಂತವರು ಮುಚ್ಚಿದ ಹಾಗೆ. ಜ್ವರದ ನಂತರ ಅವಳು ಕಣ್ಣು ತೆರೆದೇ ತಿನ್ನತೊಡಗಿದಳು, ಬಾಯಿ ಆಡಿಸುತ್ತ ನಮ್ಮ ಮುಖಗಳ ಮೇಲೆ ದೃಷ್ಟಿ ನೆಟ್ಟು ನಿಲ್ಲುತ್ತಿದ್ದಳು. ಅಧ್ಯಕ್ಷೆಯ ಗತ್ತು ಈಗ ಬಂತಪ್ಪ ಇವಳಿಗೆ, ಯಾರು ಹೊಗಳುತ್ತಾರೆ ಯಾರು ಬಿಡುತ್ತಾರೆ ಎಂದು ಲೆಕ್ಕ ಹಿಡಿಯುತ್ತಾಳೆ ಎಂದುಕೊಂಡೆ ನಾನು. ಅದಕ್ಕೇ ನಗೆಯನ್ನು ಇನ್ನಷ್ಟು ಅಗಲ ಮಾಡಿದೆ.

ಒಳಗೆ ಹೀಗೆ ಮುಗಿದ ಸಭೆ ಹೊರಗೆ ಮತ್ತೆ ಕೂಡುತ್ತಿತ್ತು. ಬಾಗಿಲ ಹೊರಗೆ, ಚಪ್ಪಲಿ ಬಿಟ್ಟ ಜಾಗದಲ್ಲಿ. ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಕಾಲು ನೆಲದ ಮೇಲೆ, ಧ್ವನಿ ಗಂಟಲಿನಿಂದ ಮೇಲೆ ಬಾರದ ಹಾಗೆ.

"ಹೊತ್ತೇತಲ್ಲ," ಎನ್ನುತ್ತಿದ್ದಳು ನಿಂಗವ್ವ.

"ಪೂರಾ ಹೊತ್ತೇತಿ. ಆದ್ರ ಹೇಳವರ್ಯಾರು?" ಎನ್ನುತ್ತಿದ್ದಳು ಹುಸೇನಬಿ.

"ಮುಂದಿನ ಸಲ ನೋಡೂಣು ತಗೋ," ಎಂದು ನಾನು ತೀರ್ಮಾನ ಕೊಡುತ್ತಿದ್ದೆ.

ಚಾಪೆಯ ಮೇಲಿನ ಸಭೆಯಲ್ಲಿ ಎಲ್ಲವೂ ಸರಿಯಿತ್ತು. ಚಪ್ಪಲಿಯ ಸಭೆಯಲ್ಲಿ ಯಾವುದೂ ಸರಿಯಿರಲಿಲ್ಲ. ಲೋಕದ ಎಷ್ಟೋ ಸಂಸ್ಥೆಗಳು ಚಪ್ಪಲಿಯ ಸಭೆಯಲ್ಲೇ ನಡೆಯುತ್ತವೆಯೇನೋ ಎಂಬ ಅನುಮಾನ ನನಗೆ ಆಗಿನಿಂದ ಬಂದುಬಿಟ್ಟಿದೆ. ಸತ್ಯಕ್ಕೆ ಒಳಗೆ ಬರಲು ಅಪ್ಪಣೆಯಿಲ್ಲದೆ ಹೊಸ್ತಿಲ ಹೊರಗೆ ಕಾದು ಕಾದು ಅದೂ ಧೂಳು ಹಿಡಿಯುತ್ತದೆ.

ಅದೇ ಹೊತ್ತಿಗೆ ಬಾಗಲಕೋಟೆಯಲ್ಲಿ ಮಹಿಳಾ ಸಂಘಗಳ ಮುಂದಾಳುಗಳಿಗೆಂದು ಒಂದು ತರಬೇತಿ ನಡೆಯಿತು. ನಾನೂ ಹುಸೇನಬಿಯೂ ಹೋಗಿದ್ದೆವು. ದಕ್ಷಿಣದ ಕಡೆಯಿಂದ ಬಂದ ಒಬ್ಬ ತರುಣ, ಅಚ್ಚುಕಟ್ಟಾದ ಪುಸ್ತಕದ ಮಾತಿನಲ್ಲಿ, ಸಹೋದ್ಯೋಗಿಗಳ ತಪ್ಪನ್ನು ತಿದ್ದುವ ಬಗೆಯನ್ನು ಕಲಿಸಿದ. ಮೊದಲು ಒಂದು ಮೆಚ್ಚುಗೆ, ನಡುವೆ ಒಂದು ತಿದ್ದುಪಡಿ, ಕೊನೆಗೆ ಇನ್ನೊಂದು ಮೆಚ್ಚುಗೆ. ಹೀಗೆ ಹೇಳಿದರೆ ಯಾರಿಗೂ ನೋವಾಗುವುದಿಲ್ಲ ಎಂದ. ಹುಸೇನಬಿ ನನ್ನ ಕಿವಿಯಲ್ಲಿ, "ಅಂದ್ರ ರೊಟ್ಟ್ಯಾಗ ಖಾರ ಹಿಂಡಿ ಸುತ್ತಿ ಕೊಟ್ಟಂಗ," ಎಂದಳು. ಮರುದಿನವೇ ಅದನ್ನು ನಿಂಗವ್ವನ ಮೇಲೆ ಪ್ರಯೋಗಿಸಿದಳು: ನಿನ್ನ ಸೀರೆ ಚೆಂದ ಇದೆ, ಈ ಸಲದ ಬೆಲ್ಲದಲ್ಲಿ ಕಸ ಇತ್ತು, ನಿನ್ನ ಬಳೆಗಳೂ ಚೆಂದ ಇವೆ. ನಿಂಗವ್ವ ದಿನವಿಡೀ ಬೆಲ್ಲದ ಕಸವನ್ನು ಬಿಟ್ಟು ಬಳೆಯನ್ನೇ ನೋಡಿಕೊಂಡು ಕೂತಳು. ಆಮೇಲೆ ಒಂದು ವಾರ ನಮ್ಮಲ್ಲಿ ಯಾರು ಯಾರ ಸೀರೆಯನ್ನು ಹೊಗಳಿದರೂ, ಹೊಗಳಿಸಿಕೊಂಡವಳು ಗಾಬರಿಯಿಂದ "ಏನಾತು?" ಎಂದು ಕೇಳುವಂತಾಯಿತು. ಆ ತರುಣನ ಮಾತಿನಲ್ಲಿ ತಪ್ಪಿರಲಿಲ್ಲ, ಮೆಚ್ಚುಗೆಯನ್ನು ನಾವು ಬರೀ ಸುತ್ತುವ ಕಾಗದವಾಗಿ ಬಳಸಿದ್ದೆವು ಅಷ್ಟೆ.

ಹೇಳಲು ಬಾರದವರು ಏನು ಮಾಡುತ್ತಾರೆ? ತಿದ್ದುತ್ತಾರೆ, ಕದ್ದು. ಇದನ್ನು ನಾವು ಮೂವರೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ತಿಳಿಸದೆ, ಶಾಂತಕ್ಕನ ಮೇಲಿನ ಪ್ರೀತಿಯಿಂದಲೇ ಮಾಡಿದೆವು. ಆಣ ಮುಂದೆ ಹೋಗಬಾರದೆಂದು ನಿಂಗವ್ವ, ಶಾಂತಕ್ಕ ಬಾಗಿಲ ಕಡೆ ತಿರುಗಿದಾಗಲೆಲ್ಲ, ಕಡಾಯಿಯ ಕೆಳಗಿನ ಒಂದೊಂದೇ ಕಟ್ಟಿಗೆಯನ್ನು ಹಿಂದಕ್ಕೆ ಎಳೆಯುತ್ತಿದ್ದಳು. ಹೊತ್ತಿದ ವಾಸನೆ ಮುಚ್ಚಲೆಂದು ಹುಸೇನಬಿ ಮುಷ್ಟಿ ಬಿಗಿಮಾಡಿ ಯಾಲಕ್ಕಿ ಜಾಜಿಕಾಯಿ ಉದುರಿಸುತ್ತಿದ್ದಳು. ನಾನು ಅಂಗಡಿಗಳಲ್ಲಿ, ಇದು ಕರಿ ಬೆಲ್ಲದ ಮಾಲು, ಹಳೆಯ ಕಾಲದ ರುಚಿ, ಎಂದು ಕಥೆ ಕಟ್ಟುತ್ತಿದ್ದೆ. ಉರಿ ಕಡಿಮೆಯಾದದ್ದರಿಂದ ಆಣ ಬರಲು ತಡವಾಗಿ, ಯಾಕೋ ಎಂದು ಶಾಂತಕ್ಕ ಒಮ್ಮೆ ಬೇಗ ಇಳಿಸಿದರೆ, ಮರುಸಲ ಹಟ ಹಿಡಿದು ಕಾಯಿಸುತ್ತಿದ್ದಳು. ಹೀಗೆ ನಾಲ್ವರು ಒಂದೇ ಬಂಡಿಯನ್ನು ನಾಲ್ಕು ಕಡೆ ಎಳೆದು, ಹೊರಗಿನಿಂದ ನೋಡುವವರಿಗೆ ಮಾತ್ರ ಭಲೇ ಒಗ್ಗಟ್ಟಾಗಿ ಕಾಣುತ್ತಿದ್ದೆವು.

ಬಾದಾಮಿಯ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಮಾಲು ಇಡುವ ಒಬ್ಬ ಅಂಗಡಿಕಾರರಿದ್ದಾರೆ, ಗುಹೆ ನೋಡಲು ಬಂದವರು ಊರಿಗೆ ಒಯ್ಯುವ ಸಿಹಿ ಅವರಲ್ಲೇ ಕೊಳ್ಳುವುದು ಹೆಚ್ಚು. ಒಂದು ದಿನ ಅವರು ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಆಮೇಲೆ ಮಾತು ತೆಗೆದರು.

"ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಮಾಲು ಮೊದಲಿನಂಗ ಇಲ್ರಿ. ಒಂದು ಸಲ ಹೊತ್ತಿದ ವಾಸನಿ, ಒಂದು ಸಲ ಬರೇ ಜಾಜಿಕಾಯಿ, ಹೋದ ಸಲದ್ದಂತೂ ಕಾಗದ ಬಿಟ್ಟು ಬರವಲ್ದು. ಇನ್ನೊಮ್ಮೆ ಹಿಂಗಾದ್ರ ನಾ ಬ್ಯಾರೆ ಕಡಿಂದ ತರಸ್ತೇನ್ರಿ. ಶಾಂತವ್ವಾರ ಕೈಗುಣ ಹೋತು ಅಂತ ಮಂದಿ ಅನ್ನಾಕತ್ತಾರ."

ಕರಿ ಬೆಲ್ಲದ ನನ್ನ ಕಥೆ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ನಾವು ಯಾರ ಮರ್ಯಾದೆ ಉಳಿಸಲು ಬಾಯಿ ಮುಚ್ಚಿಕೊಂಡಿದ್ದೆವೋ, ಅವಳ ಹೆಸರೇ ಈಗ ಬಾದಾಮಿಯ ಅಂಗಡಿಕಟ್ಟೆಯ ಮೇಲೆ ಕೆಡುತ್ತಿತ್ತು. ಅದು ಕೆಟ್ಟರೆ ಅವಳು ಆ ಕೋಣೆಗೆ ಮತ್ತೆ ಕಾಲಿಡುವವಳಲ್ಲ, ಅವಳಿಲ್ಲದೆ ನಮ್ಮ ಸಂಘವೂ ಇಲ್ಲ. ಚಹಾ ಆರಿಹೋದದ್ದು ಕೂಡ ಗೊತ್ತಾಗಲಿಲ್ಲ ನನಗೆ.

ಐಹೊಳೆಯ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ, ಯಾಕೋ ಇಳಕಲ್ಲಿನ ನನ್ನ ತವರಿನ ಮಗ್ಗ ನೆನಪಾಯಿತು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಅವ್ವ ಕೊಡ ಹೊತ್ತು ಹಾಯುವಾಗಲೋ, ಅಕ್ಕ ಕಂಡಿಕೆಗೆ ನೂಲು ಸುತ್ತುವಾಗಲೋ, ಯಾರ ಕಣ್ಣಿಗೆ ಬಿದ್ದರೂ ಸರಿ, "ಎಳಿ ಹರದೇತಿ" ಎಂದು ಕೂಗುತ್ತಿದ್ದರು. ಟಕ ಟಕ ಸದ್ದು ಆ ಕ್ಷಣವೇ ನಿಲ್ಲುತ್ತಿತ್ತು, ಅಪ್ಪ ಬಗ್ಗಿ ಎಳೆ ಕೂಡಿಸಿ ಮತ್ತೆ ನೇಯಲು ತೊಡಗುತ್ತಿದ್ದ. ಯಾರು ಹರಿದರು, ಯಾಕೆ ಹರಿಯಿತು, ನಿನಗೆ ಕಣ್ಣು ಕಾಣುವುದಿಲ್ಲವೇ ಎಂಬ ಯಾವ ಮಾತೂ ಅಲ್ಲಿರಲಿಲ್ಲ. ಹಾಗೆಯೇ, ಅಪ್ಪನಿಗೆ ಬೇಸರವಾದೀತೆಂದು ಎಳೆ ಹರಿದದ್ದನ್ನು ಕಂಡೂ ಕಾಣದಂತೆ ಹೋದವರೂ ಯಾರಿರಲಿಲ್ಲ. ಹೋಗಿದ್ದರೆ ಸೀರೆಯುದ್ದಕ್ಕೂ ಒಂದು ಬರಿಗೆರೆ ಬೀಳುತ್ತಿತ್ತು. ಕೂಗುವವರ ಗಮನವೆಲ್ಲ ಎಳೆಯ ಮೇಲಿರುತ್ತಿತ್ತು, ನೇಕಾರನ ಮೇಲಲ್ಲ. ಅದಕ್ಕೇ ಆ ಕೂಗಿನಿಂದ ಅಪ್ಪ ಎಂದೂ ಸಿಟ್ಟಾದದ್ದನ್ನು ನಾನು ನೋಡಲಿಲ್ಲ. ಅಂಥ ಮನೆಯಲ್ಲಿ ಬೆಳೆದವಳು ನಾನು, ಬೆಲ್ಲದ ಮುಂದೆ ಬಂದಾಗ ಆ ಪಾಠವನ್ನು ಎಲ್ಲಿ ಬಿಟ್ಟು ಬಂದೆನೋ.

ಅಮೀನಗಡದಲ್ಲಿ ಇಳಿದವಳು ನೇರ ಶಾಂತಕ್ಕನ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ, ಮೊದಲು ಅವಳ ಮೊಮ್ಮಗಳ ವಿಚಾರ, ಆಮೇಲೆ ಬಾದಾಮಿಯ ಬಿಸಿಲು, ಆಮೇಲೆ ಮೆಲ್ಲಗೆ. ಹೊಸ್ತಿಲು ದಾಟುತ್ತಿದ್ದಂತೆ ಹಾಲು ಹೊತ್ತಿದ ವಾಸನೆ ಮೂಗಿಗೆ ಬಡಿಯಿತು. ಶಾಂತಕ್ಕ ಒಲೆಗೆ ಬೆನ್ನು ಹಾಕಿ, ಮೊರದಲ್ಲಿ ಅಂಟಿನ ಹರಳುಗಳನ್ನು ಹರವಿಕೊಂಡು ಕಸ ಆರಿಸುತ್ತ ಕೂತಿದ್ದಳು. ಅವಳ ಬೆನ್ನ ಹಿಂದೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಪಾತ್ರೆಯ ಹಾಲು ಉಕ್ಕಿ ಚೆಲ್ಲಿ, ತಳ ಹಿಡಿದು ಹೊಗೆಯಾಡುತ್ತಿತ್ತು. ಕಡಾಯಿಗೆ ಬೆನ್ನು ಹಾಕಿ ಆಣ ಹಿಡಿಯುತ್ತಿದ್ದ ಶಾಂತಕ್ಕ.

"ಶಾಂತಕ್ಕ, ಹಾಲು ಹೊತ್ತಾಕತ್ತೇತಿ," ಎಂದೆ.

ಅವಳು ಗಡಬಡಿಸಿ ಎದ್ದು, ಸೆರಗಿನಿಂದ ಪಾತ್ರೆ ಹಿಡಿದು ಇಳಿಸಿದಳು. ಇಳಿಸಿದವಳು ನನ್ನ ಕಡೆ ತಿರುಗಲಿಲ್ಲ, ಆ ಪಾತ್ರೆಯನ್ನೇ ನೋಡುತ್ತ ನಿಂತಳು. ಜೋಡಿಸಿಕೊಂಡು ಬಂದ ನನ್ನ ಮಾತುಗಳೆಲ್ಲ ಎಲ್ಲಿ ಹೋದವೋ, ಬಾಯಿಂದ ಬಂದದ್ದು ಇಷ್ಟೇ.

"ಶಾಂತಕ್ಕ, ಆಣಾನೂ ಹೊತ್ತಾಕತ್ತೇತಿ."

ಅವಳು ಗೋಡೆಗೆ ಒರಗಿ ಮೆಲ್ಲಗೆ ಕೂತಳು. ಅವಳು ಅತ್ತರೆ ಏನು ಮಾಡಲಿ, ಬೈದರೆ ಏನು ಮಾಡಲಿ, ಸಂಘದ ಕೋಣೆಯ ಕೀಲಿಕೈ ಬಿಚ್ಚಿ ನನ್ನ ಕೈಗಿಟ್ಟರೆ ಏನು ಮಾಡಲಿ ಎಂದು ನಿಂತಿದ್ದೆ. ಅವಳು ಮಾಡಿದ್ದು ಇವಾವುದನ್ನೂ ಅಲ್ಲ. ಉದ್ದಕ್ಕೆ ಒಂದು ಉಸಿರು ಬಿಟ್ಟಳು.

"ಅಂತೂ ಹೇಳಿದೆಲ್ಲವ್ವ," ಎಂದಳು. "ಯಾರರ ಹೇಳ್ತಾರೇನು ಅಂತ ದಾರಿ ನೋಡಿ ನೋಡಿ ಸಾಕಾಗಿತ್ತು ನನಗ. ಜ್ವರ ಬಂದು ಹೋದ ಮ್ಯಾಲೆ ವಾಸನಿನ ಹತ್ತವಲ್ದು. ಮಲ್ಲಿಗಿನೂ ಒಂದ, ಸೆಗಣಿನೂ ಒಂದ. ನಾಲಿಗಿ ಮ್ಯಾಲೆ ಏನಿಟ್ರೂ ಹೊಟ್ಟು ಅಗದಂಗ ಆಗ್ತೇತಿ."

"ನಮಗ್ಯಾಕ ಹೇಳಲಿಲ್ಲ ಶಾಂತಕ್ಕ?"

"ಹೆಂಗ ಹೇಳ್ಲಿ? ಮೂಗಿಲ್ದಾಕಿ ಕಡಾಯಿ ಮುಂದ ಯಾಕ ಅಂದ್ರ, ನಾ ಎಲ್ಲಿ ಹೋಗಿ ಕೂಡ್ಲಿ? ಅದಕ್ಕ ನಿಮ್ಮ ಮಾರಿ ನೋಡ್ತಿದ್ನೆವ್ವ. ನನ್ನ ಮೂಗು ಹೋದ್ರ ಹೋತು, ನಿಮ್ಮ ಮೂರೂ ಮಂದಿ ಮಾರಿ ಐತೆಲ್ಲ ಅಂತ ತಿಳ್ಕೊಂಡಿದ್ದೆ. ಬಣ್ಣ ಕಪ್ಪಾಗೇತಿ ಅಂತ ನನ್ನ ಕಣ್ಣು ಹೇಳ್ತಿತ್ತು, ಚಲೋ ಆಗೇತಿ ಅಂತ ನೀವು ಹೇಳ್ತಿದ್ರಿ. ನಾ ನನ್ನ ಕಣ್ಣಿಗಿಂತ ನಿಮ್ಮನ್ನ ಹೆಚ್ಚು ನಂಬಿದೆ."

ಓದುತ್ತಿರುವ ಗೆಳೆಯರೆ, ಬೈಗುಳ ತಿಂದಿದ್ದರೆ ಅರಗಿಸಿಕೊಳ್ಳುತ್ತಿದ್ದೆನೇನೋ, ಈ ಮಾತನ್ನು ಹೇಗೆ ಅರಗಿಸಿಕೊಳ್ಳಲಿ? ತುಂಡು ಬಾಯಲ್ಲಿಟ್ಟು ಅವಳು ನಮ್ಮ ಮುಖವನ್ನು ದಿಟ್ಟಿಸಿದ್ದು ಹೊಗಳಿಕೆಯ ಆಸೆಗಲ್ಲ. ಕುರುಡರು ಕೈ ಚಾಚುವ ಹಾಗೆ ಅವಳು ದೃಷ್ಟಿ ಚಾಚಿದ್ದಳು, ನಾವು ಆ ಕೈಗೆ ನಗುವನ್ನು ತುರುಕಿ ಕಳಿಸಿದ್ದೆವು. ಮುಂದಾಳಾಗಿ ಕೂತವರಿಗೆ ಒಂದಲ್ಲ ಒಂದು ದಿನ ಯಾವುದೋ ಒಂದು ಇಂದ್ರಿಯ ಕೈಕೊಡುತ್ತದೆ. ಕೆಲವರಿಗೆ ಮೂಗು, ಕೆಲವರಿಗೆ ಕಿವಿ, ಕೆಲವರಿಗೆ ತಾವು ಎಷ್ಟು ಮಾತಾಡುತ್ತೇವೆಂಬ ಎಚ್ಚರ. ಆಗ ಪಕ್ಕದಲ್ಲಿ ಕೂತವರೇ ಅವರ ಇಂದ್ರಿಯ. ಪಕ್ಕದವರು ಸೌಜನ್ಯಕ್ಕೆ ಸುಳ್ಳು ಹೇಳಿದರೆ, ಗೌರವ ಕೊಟ್ಟಂತೆ ಕಂಡರೂ ಅವರನ್ನು ಕತ್ತಲಲ್ಲಿ ಒಂಟಿಯಾಗಿ ಬಿಟ್ಟು ಬಂದಂತೆ. ಅಂದು ಶಾಂತಕ್ಕನ ಮನೆಯಲ್ಲಿ ಇಷ್ಟೆಲ್ಲ ಯೋಚಿಸಲಿಲ್ಲ. ಅವಳ ಪಕ್ಕದಲ್ಲಿ ಕೂತು, ಮೊರದಲ್ಲಿನ ಅಂಟಿನ ಕಸ ಆರಿಸುತ್ತ, ಕಣ್ಣು ಒರೆಸಿಕೊಂಡೆ ಅಷ್ಟೆ.

ಮರುದಿನ ಶಾಂತಕ್ಕ ತಾನೇ ನಾಲ್ವರನ್ನು ಚಾಪೆಯ ಮೇಲೆ ಕೂಡಿಸಿ, ಬಾಗಿಲು ಮುಂದೆ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಸೇನಬಿ, "ಶಾಂತಕ್ಕ, ಜಾಜಿಕಾಯಿ ನಾನ ಹೆಚ್ಚು ಹಾಕ್ತಿದ್ದೆ," ಎಂದಳು. ನಿಂಗವ್ವ ನೆಲ ನೋಡುತ್ತ, "ಕಟಿಗಿ ನಾ ಜಗ್ಗತಿದ್ದೆ," ಎಂದಳು. ನಾನು ಕರಿ ಬೆಲ್ಲದ ಕಥೆಯನ್ನು ಒಪ್ಪಿಸಿದೆ. ಶಾಂತಕ್ಕ ಒಬ್ಬೊಬ್ಬರನ್ನೇ ನೋಡಿದಳು.

"ಅದಕ್ಕ ಏನು ಆಣ ಬರಾಕ ಅಷ್ಟು ತಡಾ ಆಗ್ತಿದ್ದದ್ದು? ಮೂಗಂತೂ ಹೋತು, ಈಗ ಕೈಗುಣಾನೂ ಹೋತು ಅಂತ ನಾ ಎಷ್ಟು ಅಂಜಿದ್ದೆ ಗೊತ್ತೇನು ನಿಮಗ? ಕೈ ನಟ್ಟಗ ಐತಿ ಅಂದಂಗಾತು." ಅಷ್ಟು ಹೇಳಿ ನಗತೊಡಗಿದಳು. ಆ ನಗೆ ನಿಲ್ಲಲೇ ಇಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಷ್ಟೂ ನಮಗೂ ನಗೆ ಬಂತು, ಹೊರಗೆ ಕೊಯ್ಯುವ ಹೆಂಗಸರು ಒಳಗೇನಾಯಿತೆಂದು ಬಾಗಿಲ ಸಂದಿಯಲ್ಲಿ ಇಣುಕಿದರು. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಹೊರೆಯೊಂದು ನಾಲ್ವರಿಂದಲೂ ಒಟ್ಟಿಗೆ ಇಳಿದ ಗಳಿಗೆ ಅದು. ಮೈ ಹಗುರಾಯಿತು ಎನ್ನುತ್ತಾರಲ್ಲ, ಅದನ್ನು ನಾನು ಅಂದು ಕಂಡೆ.

ಈಗ ಕಡಾಯಿಯ ಮುಂದೆ ಶಾಂತಕ್ಕನೇ ನಿಲ್ಲುತ್ತಾಳೆ, ಆದರೆ ಬೆನ್ನು ಹಾಕಿ ಅಲ್ಲ. ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟುಕೊಂಡು, ಅದರಲ್ಲಿ ಆಣದ ಹನಿ ಬಿಟ್ಟು, ಬೆರಳಿನಿಂದ ಉಂಡೆ ಕಟ್ಟಿ ಹದ ನೋಡುತ್ತಾಳೆ. ಹಿಂದೆ ಹಾಗೆ ಮಾಡುವವರನ್ನು ಕಂಡರೆ "ಮೂಗು ಅಡವಿಟ್ಟೀಯೇನು" ಎಂದು ಕಾಡುತ್ತಿದ್ದವಳು ಅವಳೇ. ಈಗ ಆ ಮಾತನ್ನು ತನಗೆ ತಾನೇ ಹೇಳಿಕೊಂಡು ನಗುತ್ತಾಳೆ. ವಾಸನೆ ನೋಡಿ ಹೇಳುವವಳು ನಿಂಗವ್ವ, ಕಟ್ಟಿಗೆ ಎಳೆಯಬೇಕೆನಿಸಿದರೆ ಬಾಯಿಬಿಟ್ಟು ಹೇಳಿ ಎಳೆಯುತ್ತಾಳೆ. ಶಾಂತಕ್ಕನನ್ನು ಬಾಗಲಕೋಟೆಯ ದವಾಖಾನೆಗೂ ಕರೆದುಕೊಂಡು ಹೋಗಿದ್ದೆವು. ಮೂಗು ಮೆಲ್ಲಗೆ ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಬಾದಾಮಿಯ ಅಂಗಡಿಕಾರರು ಮಾಲು ಬೇಡವೆನ್ನಲಿಲ್ಲ, ಬದಲಿಗೆ ಮೊದಲ ಡಬ್ಬಿಯನ್ನು ನನ್ನೆದುರೇ ಒಡೆದು ತಿಂದು ನೋಡುತ್ತಾರೆ. ಅದರಿಂದ ನನಗೀಗ ಬೇಸರವಿಲ್ಲ.

ಚಪ್ಪಲಿಯ ಸಭೆ ಪೂರ್ತಿ ನಿಂತಿದೆ ಎಂದು ಹೇಳಿದರೆ ನೀವು ನಂಬಬೇಡಿ. ಆದರೆ ಅಲ್ಲಿ ಯಾರಾದರೂ ಧ್ವನಿ ತಗ್ಗಿಸಿದರೆ, ಇನ್ನೊಬ್ಬಳು ತೊಟ್ಟ ಚಪ್ಪಲಿಯನ್ನು ಮತ್ತೆ ಬಿಚ್ಚಿ, "ನಡಿ, ಒಳಗ ಹೇಳೂಣು" ಎನ್ನುವುದು ರೂಢಿಯಾಗಿದೆ. ಹೇಳಿದ್ದಕ್ಕೆ ಹೇಳಿಸಿಕೊಳ್ಳಲೂ ಬೇಕಲ್ಲ. ಒಂದು ದಿನ ಶಾಂತಕ್ಕ ನನಗೆ, "ಸುಶೀಲಾ, ನೀ ಅಂಗಡ್ಯಾಗ ಭಾಳ ಮಾತಾಡ್ತಿ. ಅವರು ಹೇಳೂದು ಅರ್ಧಾ ಗಂಟಲದಾಗ ಉಳೀತೇತಿ," ಎಂದಳು. ಚುರ್ ಎಂದಿತು. ಮನೆಗೆ ಹೋಗಿ, ನಾನು ಅಷ್ಟು ಮಾತಾಡುತ್ತೇನೆಯೇ ಎಂದು ಮನೆಯವರನ್ನು ಕೇಳಿದೆ. ಅವರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಈಗ ಅಂಗಡಿಯಲ್ಲಿ ಕುರ್ಚಿ ಕೊಟ್ಟರೆ, ಕೂತು ಮೊದಲು ಕೇಳುತ್ತೇನೆ.

ಹಿತ್ತಾಳೆಯ ತಟ್ಟೆಯ ದಾರಿಯೂ ಬದಲಾಗಿದೆ. ಮೊದಲ ತುಂಡು ಈಗ ಮೊದಲು ನಮ್ಮ ಮೂವರ ಕೈಗೆ ಬರುತ್ತದೆ, ಶಾಂತಕ್ಕನದು ಕೊನೆಯ ಚೂರು. ದೊಡ್ಡವಳು ಮೊದಲು ತಿಂದು ತಲೆಯಾಡಿಸಿದರೆ ಉಳಿದವರ ನಾಲಿಗೆ ಕಟ್ಟಿಬೀಳುತ್ತದೆ ಎಂದು ಇದನ್ನು ಅವಳೇ ಮಾಡಿದ್ದು. ಬರೀ "ಚಲೋ ಆಗೇತಿ" ಎಂದರೆ ಒಪ್ಪುವುದಿಲ್ಲ, ಮುಂದೆ ಇನ್ನೊಂದು ಮಾತು ಹೇಳಬೇಕು; ಕೊಬ್ಬರಿ ದಪ್ಪಗಿದೆ, ತುಪ್ಪ ತುಸು ಹಿಂದೆ ಬಿದ್ದಿದೆ, ಏನಾದರೂ. ಹಾಗೆ ಹೇಳಿಸಿ ಹೇಳಿಸಿ, ನಮ್ಮ ನಾಲಿಗೆಗಳೂ ಮೊದಲಿಗಿಂತ ಚುರುಕಾಗಿವೆ.

ಮೊನ್ನೆ ಕಡಾಯಿಯಿಂದ ಇಳಿದ ಮಾಲಿನಲ್ಲಿ ಹೇಳಲು ನನಗೇನೂ ಸಿಗಲಿಲ್ಲ. ಅಂಟು ಹಲ್ಲಿಗೆ ಸಿಕ್ಕ ಕೂಡಲೇ ಪುಡಿಯಾಗುತ್ತಿತ್ತು, ಬೆಲ್ಲ ತನ್ನ ಪರಿಮಳವನ್ನೆಲ್ಲ ಹಿಡಿದುಕೊಂಡಿತ್ತು, ಗಸಗಸೆ ಕೊನೆಯಲ್ಲಿ ಎಲ್ಲೋ ಮೆಲ್ಲಗೆ ಬಂದು ಹೋಗುತ್ತಿತ್ತು. ನಿಂಗವ್ವ, ಹುಸೇನಬಿ ಇಬ್ಬರೂ ಸುಮ್ಮನೆ ಅಗಿಯುತ್ತಿದ್ದರು. ನಾನು "ಚಲೋ ಆಗೇತಿ, ಶಾಂತಕ್ಕ" ಎಂದೆ. ಮುಂದಿನ ಮಾತಿಗಾಗಿ ಅವಳು ಕಾದಳು. ಇಲ್ಲವೆಂದು ತಲೆಯಾಡಿಸಿದೆ.

"ಖರೇನ?"

"ಖರೇನ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅಂಚು ತಗ್ಗಿದ ಆ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಆಮೇಲೆ, ನಮ್ಮಲ್ಲಿ ಯಾರನ್ನೂ ನೋಡದೆ, ಜ್ವರಕ್ಕೆ ಮುಂಚಿನ ಹಾಗೆ, ಕಣ್ಣು ಮುಚ್ಚಿದಳು.